ಬಂಡೆಗಳ ನಡುವೆ ಕಡಲಿಗಿಳಿಯಲು ಜಾಗ ಬಿಡಿ

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಒಂದು ಸಣ್ಣ ಕಡಲತೀರದಲ್ಲಿ ನಾನು ಏಳು ವರ್ಷದಿಂದ ಸರ್ಫಿಂಗ್, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯಲ್ಲಿ ಜಾರುವುದನ್ನು ಕಲಿಸುತ್ತಿದ್ದೇನೆ. 2016ರಲ್ಲಿ ಮಂಗಳೂರು ಬಳಿಯ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಾಗ ನೋಡಲು ಹೋಗಿದ್ದೆ. ಆಸೆ ಹುಟ್ಟಿದ್ದು ಅಲ್ಲೇ. ನಮ್ಮದು ದೊಡ್ಡ ವ್ಯವಹಾರವೇನಲ್ಲ. ಒಂದು ಮಡಲಿನ ಚಪ್ಪರ, ಹನ್ನೊಂದು ಬೋರ್ಡು, ನಾಲ್ವರು ಹುಡುಗರು. ನಾಲ್ವರೂ ಮೀನುಗಾರರ ಮನೆಯವರು. ಸೆಳೆತ ಎಲ್ಲಿದೆ ಎಂದು ನೀರು ನೋಡಿಯೇ ಹೇಳುತ್ತಾರೆ. ಮುಳುಗುತ್ತಿದ್ದ ಪ್ರವಾಸಿಗರನ್ನು ಎಷ್ಟೋ ಸಲ ದಡಕ್ಕೆ ತಂದಿದ್ದಾರೆ.

ಮಳೆ ನಿಂತ ಮೇಲೆ ಇಲ್ಲಿ ಕಲ್ಲಿನ ತಡೆಗೋಡೆಯ ಕೆಲಸ ಶುರುವಾಗಿದೆ. ಉತ್ತರದ ಕಡೆಯಿಂದ ಲಾರಿಗಳು ಬಂಡೆ ಸುರಿಯುತ್ತಾ ಬರುತ್ತಿವೆ. ನಮ್ಮ ಚಪ್ಪರಕ್ಕೆ ಇನ್ನು ಇನ್ನೂರು ಹೆಜ್ಜೆ ಅಷ್ಟೆ.

ಕಡಲ್ಕೊರೆತ ನಾನು ಕಾಣದ್ದಲ್ಲ. ಅಜ್ಜಿಮನೆಯ ತೆಂಗಿನ ಸಾಲು ಒಂದೇ ಮಳೆಗಾಲದಲ್ಲಿ ಹೋಯಿತು. ಮನೆಗಳಿರುವ ಕಡೆ ಗೋಡೆ ಬೇಡ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ನಮ್ಮ ಜಾಗದ ಹಿಂದೆ ಇರುವುದು ಗಾಳಿಮರದ ತೋಪು. ಒಂದು ಮನೆಯೂ ಇಲ್ಲ.

ಮಳೆಗಾಲದಲ್ಲಿ ಕಡಲು ಮರಳನ್ನು ಎಳೆದುಕೊಂಡು ಹೋಗುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ನಿಧಾನವಾಗಿ ವಾಪಸ್ ತಂದು ಹಾಕುತ್ತದೆ. ಆ ಮರಳಿನ ಇಳಿಜಾರಿನಲ್ಲಿ ಅಲೆ ಮೆಲ್ಲಗೆ ಒಡೆಯುತ್ತದೆ. ಹೊಸಬರು ಬೋರ್ಡಿನ ಮೇಲೆ ಎದ್ದು ನಿಲ್ಲಲು ಕಲಿಯುವುದು ಅಂಥ ಅಲೆಯಲ್ಲೇ. ಬಂಡೆಗೆ ಬಡಿದ ಅಲೆ ಹಾಗಲ್ಲ. ಅದು ರಭಸದಿಂದ ತಿರುಗಿ, ಗೋಡೆಯ ಬುಡದ ಮರಳನ್ನೇ ಕೊರೆಯುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಇನ್ನೂ ಜಾಸ್ತಿ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲ ತಂದು ಅಲೆ ತಡೆಯುವ ಬ್ರೇಕ್‌ವಾಟರ್, ನೀರಿನಡಿಯ ದಿಬ್ಬದಂಥ ರೀಫ್ ಎಲ್ಲ ಕಟ್ಟಿದರು. ಆದರೂ 2022ರ ಮಳೆಗಾಲದಲ್ಲಿ ಅಲ್ಲಿಂದ ದಕ್ಷಿಣಕ್ಕಿರುವ ಬಟ್ಟಪ್ಪಾಡಿಯಲ್ಲಿ ರಸ್ತೆಯೇ ಕಡಲಿಗೆ ಕೊಚ್ಚಿ ಹೋಯಿತಲ್ಲ.

ಇದು ನನ್ನೊಬ್ಬನ ಗೋಳು ಎಂದುಕೊಳ್ಳಬೇಡಿ. ನಮ್ಮ ಪಕ್ಕದಲ್ಲೇ ಕೈರಂಪಣಿಯವರಿದ್ದಾರೆ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು, ಎರಡು ತುದಿಯನ್ನೂ ದಡದಲ್ಲಿ ನಿಂತು ಎಳೆಯುವವರು. ಅವರಿಗೆ ಬೇಕಾದದ್ದೂ ಮರಳೇ. ಬಂಡೆಯ ಮೇಲೆ ನಿಂತು ಬಲೆ ಎಳೆಯಲು ಆಗುತ್ತದಾ? ಬಲೆ ಹರಿಯುತ್ತದೆ, ಕಾಲು ಮುರಿಯುತ್ತದೆ. ಅವರ ಹಿರಿಯರೊಬ್ಬರು ನನ್ನ ಜೊತೆ ಕಚೇರಿಗೂ ಬಂದಿದ್ದರು. ಮೂರು ಸಲ ಹೋದೆವು. ನಕ್ಷೆ ತೋರಿಸಿ ಎಂದರೆ, ಜಾಗದ ಆರ್‌ಟಿಸಿ ನಿಮ್ಮ ಹೆಸರಲ್ಲಿದೆಯಾ ಎಂದು ಕೇಳಿದರು. ಕಡಲತೀರದ ಆರ್‌ಟಿಸಿ ಯಾರ ಹೆಸರಲ್ಲಿರುತ್ತದೆ ಹೇಳಿ. ಪಂಚಾಯತಿಗೆ ವರ್ಷವರ್ಷ ಶುಲ್ಕ ಕಟ್ಟಿದ ರಸೀದಿ ನನ್ನ ಬಳಿ ಇದೆ. ಅದನ್ನು ಅವರು ನೋಡಲೂ ಇಲ್ಲ.

ಗಾಳಿಮರದ ತೋಪಿನ ಎದುರು ಅರುವತ್ತು ಮೀಟರ್ ಬಿಟ್ಟುಬಿಡಿ, ಅಷ್ಟು ಸಾಕು. ದೋಣಿ ಇಳಿಸಲು, ಬಲೆ ಎಳೆಯಲು, ಬೋರ್ಡು ಹಿಡಿದು ನೀರಿಗಿಳಿಯಲು ಅಷ್ಟರಲ್ಲೇ ಸುಧಾರಿಸಿಕೊಳ್ಳುತ್ತೇವೆ. ಅದೂ ಆಗದು ಎಂದಾದರೆ ನಕ್ಷೆಯನ್ನು ಗ್ರಾಮಸಭೆಯಲ್ಲಿಟ್ಟು, ಯಾಕೆ ಆಗದು ಎಂದು ಎಂಜಿನಿಯರರು ನಮ್ಮೆದುರೇ ಹೇಳಲಿ. ಅಲ್ಲಿಯವರೆಗೆ ಲಾರಿ ಈ ಕಡೆ ಬರುವುದು ಬೇಡ.

ಅಕ್ಟೋಬರಿನಿಂದ ಮೇ ತನಕದ ದುಡಿಮೆಯಲ್ಲೇ ನಾವು ಐದು ಮನೆಯವರು ವರ್ಷ ಕಳೆಯಬೇಕು. ಬೋರ್ಡಿಗೆಂದು ಸಹಕಾರಿ ಸಂಘದಲ್ಲಿ ಮಾಡಿದ ಸಾಲ ಇನ್ನೂ ತೀರಿಲ್ಲ. ಕ್ರಿಸ್‌ಮಸ್ ರಜೆಗೆ ಬರುತ್ತೇವೆ ಎಂದು ಈಗಲೇ ಹದಿನಾಲ್ಕು ಮಂದಿ ಫೋನ್ ಮಾಡಿದ್ದಾರೆ. ಬನ್ನಿ ಎಂದು ಇನ್ನೂ ಯಾರಿಗೂ ಹೇಳಿಲ್ಲ.

– ಸರ್ಫಿಂಗ್ ಶಾಲೆ ನಡೆಸುವವ, ಉಡುಪಿ ಜಿಲ್ಲೆ