ಹೆಸರು ಕೇಳದೇ ಉಳಿದ ಅಜ್ಜಿಗೆ

ಸೆಪ್ಟೆಂಬರ್ 30, ಕೆನಡಾದ ಸತ್ಯ ಮತ್ತು ಸಾಮರಸ್ಯ ದಿನ. ಮನೆಯಿಂದ ಬಿಡಿಸಿ ವಸತಿ ಶಾಲೆಗಳಲ್ಲಿ ಇಟ್ಟಿದ್ದ ಮೂಲನಿವಾಸಿ ಮಕ್ಕಳನ್ನು ನೆನೆಯುವ ದಿನ. ವಿನಿಪೆಗ್‌ನ ನಡಿಗೆಗೆ ನಾನೂ ಮಗಳೂ ಹೋಗಿದ್ದೆವು. ಸುತ್ತ ಎಲ್ಲಿ ನೋಡಿದರೂ ಕಿತ್ತಳೆ ಅಂಗಿ, ನಾವು ಮಾತ್ರ ಮಾಮೂಲಿ ಬಟ್ಟೆಯಲ್ಲಿ. ಮುಜುಗರದಿಂದ ಹಿಂದೆ ನಿಂತಿದ್ದಾಗ ನೀವು ಬಂದು ನಿಮ್ಮ ಕಿತ್ತಳೆ ಶಾಲನ್ನು ಅವಳಿಗೆ ಹೊದಿಸಿದಿರಿ.

"ಯಾಕೆ ಈ ಬಣ್ಣ?" ಅಂತ ಅವಳು ಕೇಳಿದಳು. ನೀವು ಪಕ್ಕದಲ್ಲೇ ಕೂತು ಫಿಲಿಸ್ ವೆಬ್‌ಸ್ಟಾಡ್ ಅವರ ಕತೆ ಹೇಳಿದಿರಿ. 1973ರಲ್ಲಿ ಆರು ವರ್ಷದ ಹುಡುಗಿ. ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು ವಸತಿ ಶಾಲೆಗೆ ಹೋದಳು. ಮೊದಲ ದಿನವೇ ಅದನ್ನು ಕಿತ್ತುಕೊಂಡರು. ಮತ್ತೆ ಕೊಡಲೇ ಇಲ್ಲ. ಹೀಗೆ ಮನೆಯಿಂದ, ತಾಯಿನುಡಿಯಿಂದ ದೂರ ಮಾಡಿದ್ದು 1,50,000ಕ್ಕೂ ಜಾಸ್ತಿ ಮೂಲನಿವಾಸಿ ಮಕ್ಕಳನ್ನು. ಏಳು ವರ್ಷದ ನನ್ನ ಮಗಳಿಗೆ ಇದನ್ನು ಹೆದರಿಸದೆ, ಸುಳ್ಳೂ ಹೇಳದೆ ತಿಳಿಸುವುದು ಸುಲಭ ಅಲ್ಲ. ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಮೂಲನಿವಾಸಿಗಳು ಶುದ್ಧಿಗಾಗಿ ಸುಡುವ ಸೇಜ್ ಎಲೆಯ ಹೊಗೆ ಬಂತು. ಅದನ್ನು ಕೈಯಿಂದ ತಲೆಗೆ, ಎದೆಗೆ ತಂದುಕೊಳ್ಳುವುದು ಹೇಗೆ ಅಂತ ತೋರಿಸಿದಿರಿ. ಮಂಗಳಾರತಿ ತೆಗೆದುಕೊಂಡು ರೂಢಿಯಿದ್ದ ಅವಳ ಕೈ ತಾನಾಗೇ ಮುಂದೆ ಹೋಯಿತು. ನೀವು ನಕ್ಕಿರಿ.

ಆ ಜನಸಂದಣಿಯಲ್ಲಿ ಶಾಲು ವಾಪಸ್ ಕೊಡಲು ನೀವು ಸಿಗಲಿಲ್ಲ. ಒಗೆದು ಮಡಿಸಿಟ್ಟಿದ್ದೇವೆ ಅಜ್ಜಿ. ಮುಂದಿನ ವರ್ಷ ಅದೇ ಜಾಗದಲ್ಲಿ ಹುಡುಕುತ್ತೇವೆ. ತುಂಬಾ ಥ್ಯಾಂಕ್ಸ್.