ಈ ಭಾನುವಾರದ ಹರಟೆ: ಚಾಪ್ಲಿನ್ ಪಿಟೀಲು

ಎಲ್ಲರಿಗೂ ನಮಸ್ಕಾರ. ಈ ಸಲ ಹರಟೆಗೆ ಚಾರ್ಲಿ ಚಾಪ್ಲಿನ್. ಚಿಕ್ಕವರಿದ್ದಾಗ ಟಿವಿಯಲ್ಲಿ ಅವನು ಬಿದ್ದಾಗೆಲ್ಲ ಬಿದ್ದು ಬಿದ್ದು ನಕ್ಕವರು ನಾವು, ಅಲ್ವಾ? ನಮ್ಮನೆಯಲ್ಲಿ ಅಣ್ಣ ಮಹಡಿ ಮೇಲೆ ಆಂಟೆನಾ ತಿರುಗಿಸುತ್ತಾ "ಈಗ ಬಂತಾ?" ಅಂತ ಕೂಗುತ್ತಿದ್ದ. ಪಾಪ, ಅವನಿಗೆ ಅರ್ಧ ಸಿನಿಮಾನೇ ಸಿಗುತ್ತಿರಲಿಲ್ಲ.

ಆದರೆ ಚಾಪ್ಲಿನ್ ಸಂಗೀತಗಾರ ಅಂತ ಆಗ ಯಾರಿಗೆ ಗೊತ್ತಿತ್ತು? ಎಡಗೈಯಲ್ಲಿ ಕಮಾನು ಹಿಡಿದು ಪಿಟೀಲು ನುಡಿಸುತ್ತಿದ್ದ. ತಂತಿಗಳನ್ನೂ ಅದಕ್ಕೆ ತಕ್ಕಂತೆ ಅದಲುಬದಲು ಕಟ್ಟಿಸಿಕೊಂಡಿದ್ದ. ಸ್ವರ ಬರೆಯಲು ಬರುತ್ತಿರಲಿಲ್ಲ. ಗುನುಗುತ್ತಿದ್ದ, ಬೇರೆಯವರು ಬರೆದುಕೊಳ್ಳುತ್ತಿದ್ದರು. ಅವನ 1952ರ ಸಿನಿಮಾ 'ಲೈಮ್‌ಲೈಟ್' ಲಾಸ್ ಏಂಜಲೀಸ್‌ನಲ್ಲಿ ತೆರೆಕಂಡಿದ್ದೇ 1972ರಲ್ಲಿ. ಆಸ್ಕರ್‌ಗೆ ಅಲ್ಲಿ ತೆರೆಕಂಡಿರಬೇಕಿತ್ತು, ಹಾಗಾಗಿ ಅದರ ಸಂಗೀತಕ್ಕೆ ಆಸ್ಕರ್ ಬಂದಿದ್ದು 1973ರಲ್ಲಿ!

ಆ ಸಿನಿಮಾದಲ್ಲಿ ಮೂಕಿ ಚಿತ್ರಗಳ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಪಿಯಾನೊ ಮುಂದೆ ಕೂತು, ಜಾರಿ ಬೀಳುವ ಹಾಳೆಗಳ ಜೊತೆ ಒದ್ದಾಡುತ್ತಾನೆ. ಆಮೇಲೆ ಪಿಟೀಲಿನೊಳಗೇ ಕಾಲು ಸಿಕ್ಕಿಸಿಕೊಳ್ಳುತ್ತಾನೆ. ಅಷ್ಟು ಭಾಗ ನೋಡಿಕೊಂಡು ಬನ್ನಿ.

ಸಂಜೆ 6ಕ್ಕೆ ಶುರು. ನಿಮ್ಮ ಹಳೇ ಟಿವಿ ನೆನಪನ್ನು ವಾಯ್ಸ್ ಮೆಸೇಜ್ ಮಾಡಿ, ಎರಡು ನಿಮಿಷ ಸಾಕು. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳಿಗೆ ಅವತ್ತೊಂದು ದಿನ ರಜೆ ಕೊಡಿ, ದಯವಿಟ್ಟು.