ಮಗಳಿಗೊಂದು ಪತ್ರ: ಚಿಕ್ಕಪ್ಪನ ಮಗನ ಕೆಲಸದ ಬಗ್ಗೆ

ಬದಿಯಡ್ಕ

ಪ್ರೀತಿಯ ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ "ಅಪ್ಪಾ, ಅವನನ್ನು ನಮ್ಮ ಕಂಪನಿಯ ಕೆಲಸಕ್ಕೆ ರೆಫರ್ ಮಾಡಲಾ, ಬೇಡ್ವಾ?" ಎಂದು ಕೇಳಿದೆಯಲ್ಲ, ನಾನು ಸುಮ್ನೆ "ನೋಡೋಣ" ಎಂದುಬಿಟ್ಟೆ. ನಿನ್ನ ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ದಳು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಿನಗೆ ಇಷ್ಟು ವರ್ಷ ಹೇಳದ ಒಂದು ಸಂಗತಿ ಇದೆ. ನೀನು ಹುಟ್ಟುವ ಮೊದಲು ನಾನು ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ದಣಿಗಳಿಗೆ ಹೇಳಿ ಚಿಕ್ಕಪ್ಪನನ್ನೂ ಅಲ್ಲೇ ಸೇರಿಸಿದೆ. ಅವನದು ಅಡಿಕೆ ವಿಂಗಡಿಸುವ ಕೆಲಸ. ಬಿಸಿಲಲ್ಲಿ ಒಣಗಿಸಿ ಸುಲಿದ ಒಳ್ಳೆ ಚಾಲಿ ಬೇರೆ, ಅದಕ್ಕಿಂತ ಕೆಳದರ್ಜೆಯ ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಒಂದೊಂದಕ್ಕೂ ಒಂದೊಂದು ಧಾರಣೆ. ಬೆಳಗ್ಗಿಂದ ಸಂಜೆವರೆಗೆ ಕಣ್ಣು ಕದಲಿಸದೆ ಕೂರಬೇಕು.

ಒಂದು ದಿನ ಮಂಗಳೂರಿಗೆ ಹೋದ ಗೋಣಿಗಳು ವಾಪಸ್ ಬಂದವು. ಒಳ್ಳೆ ಚಾಲಿಯ ಜೊತೆ ಪಟೋರ ಸೇರಿತ್ತು. ದಣಿಗಳು ಚಿಕ್ಕಪ್ಪನನ್ನು ಬೈಯಲಿಲ್ಲ. ಒಂದು ಹಿಡಿ ಅಡಿಕೆ ತಂದು ನನ್ನ ಲೆಕ್ಕದ ಪುಸ್ತಕದ ಮೇಲೆ ಸುರಿದರು. ಒಂದೆರಡು ಉರುಳಿ ನೆಲಕ್ಕೆ ಬಿದ್ದವು. "ನೀನು ಹೇಳಿದ್ದಕ್ಕೆ ಸೇರಿಸಿಕೊಂಡೆ" ಎಂದರು. ಅಷ್ಟೇ. ಮರುದಿನದಿಂದ ತಿಜೋರಿಯ ಬೀಗದ ಕೈ ನನಗೆ ಕೊಡಲಿಲ್ಲ.

ಚಿಕ್ಕಪ್ಪ ವಾರದೊಳಗೆ ಕೆಲಸ ಬಿಟ್ಟ. ಅಣ್ಣ ತನ್ನ ಪರ ಒಂದು ಮಾತೂ ಆಡಲಿಲ್ಲ ಅಂತ ಅವನಿಗೆ ನೋವು. ಆ ವರ್ಷ ಅಜ್ಜನ ತಿಥಿಗೆ ಬಂದವನು ಉಂಡು, ಎಲೆ ಎತ್ತಿ, ನನ್ನ ಮುಖ ನೋಡದೆ ಹೋದ.

ಅವನೊಬ್ಬನದೇ ತಪ್ಪಾ? ಅಲ್ಲ. ಒಂದೇ ಕಡೆ ಕೂತು ಮಾಡುವ ಕೆಲಸ ಅವನಿಗೆ ಒಗ್ಗುವುದಿಲ್ಲ ಎಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೂ ದಣಿಗಳ ಹತ್ತಿರ "ತುಂಬಾ ಜಾಗ್ರತೆಯ ಹುಡುಗ" ಎಂದೆ. ಮನೆಯಲ್ಲಿ ಅಜ್ಜಿ ದಿನಾ ಕೇಳುತ್ತಿದ್ದಳು, ಅದಕ್ಕೆ.

ಅಜ್ಜಿಯನ್ನೂ ದೂರುವ ಹಾಗಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಕೆಲಸದ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು "ಅಲ್ಲಿ ನಮ್ಮವರು ಯಾರಿದ್ದಾರೆ?" ಅಂತಲೇ. ಚಿಕ್ಕಪ್ಪನ ಮಗನೂ ಕನ್ನಡ ಮೀಡಿಯಂನಲ್ಲಿ ಓದಿದವನು. ತಿರುವನಂತಪುರದ ಕಡೆ ಹೋದರೆ ಮಲಯಾಳ ತೊಡಕು, ಬೆಂಗಳೂರಿಗೆ ಬಂದರೆ ಇಂಗ್ಲಿಷ್ ತೊಡಕು. ಅವನಿಗೆ ಅಲ್ಲಿ ಇರುವವಳು ನೀನೊಬ್ಬಳೇ. ಅದನ್ನು ನಾನು ಹಗುರ ಮಾಡುವುದಿಲ್ಲ.

ಹಾಗಾಗಿ ಅಪ್ಪನ ಲೆಕ್ಕ ಮಗನ ಮೇಲೆ ಬರೆಯಬೇಡ. ಅವನು ಮಾಡಿದ ಕೆಲಸವನ್ನೇ ನೋಡು. ಕಾಲೇಜಿನ ಪ್ರಾಜೆಕ್ಟ್ ತೆರೆಸಿ, ಇದನ್ನು ಯಾಕೆ ಹೀಗೆ ಬರೆದೆ ಅಂತ ಕೇಳು. ಅವನೇ ಮಾಡಿದ್ದಾದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕೆಲಸ ಬರುತ್ತದೆ ಅನಿಸಿದರೆ ರೆಫರ್ ಮಾಡು. ಪೋರ್ಟಲ್‌ನಲ್ಲಿ ಸಂಬಂಧ ಏನು ಅಂತ ಕೇಳುವ ಕಾಲಂ ಇದೆ ಎಂದು ನೀನೇ ಹೇಳಿದೆ, ಅಲ್ವಾ? ಅಲ್ಲಿ ಚಿಕ್ಕಪ್ಪನ ಮಗ ಎಂದೇ ಬರೆ. ನಿನ್ನ ಮ್ಯಾನೇಜರ್‌ಗೂ ನೀನೇ ಬಾಯಿಬಿಟ್ಟು ಹೇಳು. ಅವನನ್ನು ನಿನ್ನ ಟೀಮಿಗೆ ಮಾತ್ರ ಸೇರಿಸಿಕೊಳ್ಳುವುದು ಬೇಡ. ಇಂಟರ್‌ವ್ಯೂ ಹೇಗಾಯಿತು ಅಂತ ಒಳಗೆ ಯಾರನ್ನೂ ವಿಚಾರಿಸಬೇಡ. ಅವನು ಸೇರಿದ ಮೇಲೆ ನಿನಗೆ ಬೋನಸ್ ಬರುವುದಿದ್ದರೆ ಅದನ್ನೂ ಮೊದಲೇ ಅವನಿಗೆ ತಿಳಿಸು. ನಾಳೆ ಬೇರೆ ಯಾರದೋ ಬಾಯಲ್ಲಿ ಕೇಳಿದರೆ, ಅಕ್ಕ ದುಡ್ಡಿಗೆ ಮಾಡಿದಳು ಅನಿಸೀತು.

ಕೆಲಸ ಬರುವುದಿಲ್ಲ ಅನಿಸಿದರೆ ಅವನಿಗೇ ಹೇಳು, ಏನು ಕಲಿಯಬೇಕು ಅಂತಲೂ ಹೇಳು. "ಈಗ ಓಪನಿಂಗ್ ಇಲ್ಲ" ಅಂತ ಸುಳ್ಳು ಹೇಳಿ ಕಾಯಿಸಬೇಡ. ಮನೆಯವರಿಗೆ ಉತ್ತರ ಕೊಡುವುದು ನನಗಿರಲಿ. ಚಿಕ್ಕಮ್ಮನ ಮುಖ ಸಣ್ಣದಾಗುತ್ತದೆ, ಗೊತ್ತು. ನಾನು ತಡೆದುಕೊಳ್ಳುತ್ತೇನೆ.

ಶನಿವಾರ ಅವನು ಬೆಂಗಳೂರಿಗೆ ಬರುತ್ತಾನಂತೆ. ಲ್ಯಾಪ್‌ಟಾಪ್ ತರಲು ಹೇಳಿದ್ದೇನೆ. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಅವನ ಕೈಯಲ್ಲೇ ಕಳಿಸುತ್ತಾಳೆ.

ನಾಳೆ ಬೆಳಗ್ಗೆ ನಾನು ಚಿಕ್ಕಪ್ಪನ ಮನೆಗೆ ಹೋಗಿ ಬರುತ್ತೇನೆ. ಆ ಪಟೋರದ ವಿಷಯ ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ. ದಣಿಗಳ ಹತ್ತಿರ ನಾನು ಏನು ಹೇಳಿ ಸೇರಿಸಿದ್ದೆ ಎನ್ನುವುದು ಅವನಿಗೆ ಗೊತ್ತೂ ಇಲ್ಲ.

ನಿನ್ನ ಅಪ್ಪ